ಸೈಕಲ್ ಇಂಟರ್ವಲ್ ಮತ್ತು ಹೃದಯ ಬಡಿತ: ಪದೇ ಪದೇ ಕೇಳುವ ಪ್ರಶ್ನೆಗಳು

ರೈಡ್ ಮುಗಿಸಿ ಕಾಫಿ ಕುಡಿಯುವಾಗ, ಫೋನಿನಲ್ಲಿ, ಮೆಸೇಜುಗಳಲ್ಲಿ ಸವಾರರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ. ಹೊಸಬರು ಮೊದಲಿನಿಂದ ಓದಿ. ಈಗಾಗಲೇ ಇಂಟರ್ವಲ್ ಮಾಡುತ್ತಿರುವವರು ನೇರವಾಗಿ ಎರಡನೆಯ ಭಾಗಕ್ಕೆ ಹೋಗಬಹುದು.

## ಶುರು ಮಾಡುವವರಿಗೆ

ಇಂಟರ್ವಲ್ ಅಂದ್ರೆ ಏನು? ಅದಕ್ಕೆ ಹೃದಯ ಬಡಿತ ಯಾಕೆ ನೋಡ್ಬೇಕು, ಸ್ಪೀಡ್ ನೋಡಿದ್ರೆ ಸಾಲದಾ?

ಒಂದಷ್ಟು ಹೊತ್ತು ಜೋರಾಗಿ ತುಳಿಯುವುದು, ಆಮೇಲೆ ಹಗುರಾಗಿ ತುಳಿಯುತ್ತಾ ಸುಧಾರಿಸಿಕೊಳ್ಳುವುದು, ಮತ್ತೆ ಜೋರು. ಇಂಟರ್ವಲ್ ಅಂದರೆ ಇಷ್ಟೇ. ಒಂದೇ ಸಮನೆ ಅರ್ಧ ಗಂಟೆ ತಡೆದುಕೊಳ್ಳಲಾಗದ ಶ್ರಮವನ್ನು ತುಂಡು ತುಂಡಾಗಿ ಮಾಡಿದರೆ ಒಟ್ಟು ಅರ್ಧ ಗಂಟೆ ಮಾಡಿ ಮುಗಿಸಬಹುದು. ಹೃದಯಕ್ಕೂ ಕಾಲಿಗೂ ಬಲ ಬರುವುದು ಹೀಗೆ.

ಸ್ಪೀಡನ್ನು ನಂಬಿ ಕೂರುವಂತಿಲ್ಲ. ದೇವನಹಳ್ಳಿ ಕಡೆ ಹೋಗುವಾಗ ಎದುರುಗಾಳಿಯಲ್ಲಿ ಗಂಟೆಗೆ 24 ಕಿಲೋಮೀಟರಿಗೇ ಏದುಸಿರು ಬರುತ್ತದೆ. ವಾಪಸ್ ಬರುವಾಗ ಅದೇ ಗಾಳಿ ಬೆನ್ನಿಗೆ ಬಿದ್ದು 35ರಲ್ಲೂ ಆರಾಮಾಗಿ ಮಾತಾಡಿಕೊಂಡು ಬರುತ್ತೀರಿ. ಏರು, ಹಂಪು, ಗುಂಡಿ, ಸಿಗ್ನಲ್ಲು ಎಲ್ಲವೂ ಸ್ಪೀಡನ್ನು ಏರುಪೇರು ಮಾಡುತ್ತವೆ. ದೇಹಕ್ಕೆ ಎಷ್ಟು ಕಷ್ಟವಾಯಿತು ಎನ್ನುವುದು ಬಡಿತದಲ್ಲಿ ಕಾಣುತ್ತದೆ. ಒಂದನ್ನು ಮಾತ್ರ ಶುರುವಿನಲ್ಲೇ ತಿಳಿದುಕೊಳ್ಳಿ: ನೀವು ಎಷ್ಟು ಕೆಲಸ ಮಾಡಿದಿರಿ ಎಂಬುದನ್ನು ಬಡಿತ ಅಳೆಯುವುದಿಲ್ಲ, ಆ ಕೆಲಸಕ್ಕೆ ದೇಹ ಹೇಗೆ ಸ್ಪಂದಿಸಿತು ಎಂಬುದನ್ನು ಅಳೆಯುತ್ತದೆ. ಮುಂದಿನ ಉತ್ತರಗಳಲ್ಲಿ ಬರುವ ಗೊಂದಲಗಳಲ್ಲಿ ಬಹುಪಾಲು ಈ ವ್ಯತ್ಯಾಸ ಮರೆತದ್ದರಿಂದಲೇ ಹುಟ್ಟಿದ್ದು.

ಪವರ್ ಮೀಟರ್ ಇಲ್ದೆ ಸರಿಯಾಗಿ ಟ್ರೇನಿಂಗ್ ಮಾಡೋಕಾಗುತ್ತಾ ಸಾರ್? ಅಷ್ಟು ದುಡ್ಡಿಲ್ಲ.

ಖಂಡಿತ ಆಗುತ್ತದೆ. ಪೆಡಲ್ ತುಳಿಯಲು ನೀವು ಹಾಕುವ ಶಕ್ತಿಯನ್ನು ವ್ಯಾಟ್ ಲೆಕ್ಕದಲ್ಲಿ ಅಳೆಯುವ ಉಪಕರಣವೇ ಪವರ್ ಮೀಟರ್. ಜರ್ಮನಿಯ ಉಲ್ರಿಚ್ ಶೋಬೆರರ್ ತಮ್ಮ ಎಸ್‌ಆರ್‌ಎಂ ಪವರ್ ಮೀಟರ್ ಶುರು ಮಾಡಿದ್ದು 1986ರಲ್ಲಿ, ಅದು ಸಾಮಾನ್ಯ ಸವಾರನ ಕೈಗೆಟುಕಲು ಇನ್ನೂ ಎರಡು ದಶಕ ಬೇಕಾಯಿತು. ಅದಕ್ಕೂ ಮೊದಲೇ, 1982ರಲ್ಲಿ, ಫಿನ್ಲೆಂಡಿನ ಪೋಲಾರ್ ಕಂಪನಿ ವೈರ್ ಇಲ್ಲದ ಬಡಿತಮಾಪಕವನ್ನು ಮಾರುಕಟ್ಟೆಗೆ ಬಿಟ್ಟಿತ್ತು. ನಡುವಿನ ವರ್ಷಗಳಲ್ಲಿ ದೊಡ್ಡ ದೊಡ್ಡ ರೇಸ್ ಗೆದ್ದವರೂ ಬಡಿತ ಮತ್ತು ಉಸಿರು ನೋಡಿಕೊಂಡೇ ತಯಾರಾದವರು.

ಪವರ್ ಮೀಟರ್ ಇದ್ದರೆ ಸಣ್ಣ ಇಂಟರ್ವಲ್‌ಗಳಲ್ಲಿ ಅನುಕೂಲ ನಿಜ. ಆದರೆ ಹತ್ತಾರು ಸಾವಿರ ಕೊಡುವ ಮೊದಲು ಬಡಿತ ಅಳೆಯುವ ಎರಡು ಮೂರು ಸಾವಿರದ ಎದೆಪಟ್ಟಿಯಲ್ಲಿ ಒಂದು ವರ್ಷ ಕಲಿಯಿರಿ. ದೇಹದ ಭಾಷೆ ಗೊತ್ತಾದ ಮೇಲೆ ಪವರ್ ಮೀಟರಿನ ಅಂಕಿಯೂ ಹೆಚ್ಚು ಅರ್ಥವಾಗುತ್ತದೆ.

ಕೈಗೆ ಕಟ್ಟೋ ಸ್ಮಾರ್ಟ್‌ವಾಚ್ ಇದೆ. ಎದೆಪಟ್ಟಿ ಬೇಕೇ ಬೇಕಾ?

ಇಂಟರ್ವಲ್‌ಗೆ ಬೇಕು. ಎದೆಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ವಾಚು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ರಕ್ತ ಹರಿಯುವಾಗ ಅದು ಎಷ್ಟು ಮರಳಿ ಬರುತ್ತದೆ ಎಂದು ನೋಡಿ ಅಂದಾಜು ಮಾಡುತ್ತದೆ. ಹ್ಯಾಂಡಲ್ ಬಿಗಿ ಹಿಡಿದು ಮಣಿಕಟ್ಟು ಬಾಗಿದಾಗ, ಕೆಟ್ಟ ರಸ್ತೆಯಲ್ಲಿ ಕೈ ಅದುರಿದಾಗ ಆ ಅಂದಾಜು ತಪ್ಪುತ್ತದೆ. ಬಡಿತ ಬೇಗ ಬೇಗ ಏರಿಳಿಯುವ ಹೊತ್ತಿನಲ್ಲಂತೂ ಇನ್ನಷ್ಟು ಹಿಂದೆ ಬೀಳುತ್ತದೆ. ಎದೆಗೆ ಪಟ್ಟಿ ಕಟ್ಟಿದರೆ ಹಿಂಸೆ ಅನ್ನಿಸುವವರಿಗೆ ತೋಳಿಗೆ ಕಟ್ಟುವ ಸೆನ್ಸರ್ ಇದೆ. ಅದು ಮಣಿಕಟ್ಟಿಗಿಂತ ಎಷ್ಟೋ ವಾಸಿ.

ಪಟ್ಟಿಯ ಒಳಬದಿಯ ರಬ್ಬರ್ ಭಾಗವನ್ನು ನೀರಿನಲ್ಲಿ ಒದ್ದೆ ಮಾಡಿ ಕಟ್ಟಿ. ಒಣಗಿದ್ದರೆ ಬೆವರು ಬರುವ ತನಕ ಹುಚ್ಚುಹುಚ್ಚು ಅಂಕಿ ತೋರಿಸುತ್ತದೆ. ಹಗುರ ತುಳಿತದಲ್ಲಿ ಇದ್ದಕ್ಕಿದ್ದಂತೆ 210 ಕಂಡರೆ ಮೊದಲು ಪಟ್ಟಿ, ಆಮೇಲೆ ಸೆಲ್ಲು, ಆಮೇಲೆ ಗಾಳಿಗೆ ಪಟಪಟಿಸುವ ಸಿಂಥೆಟಿಕ್ ಜರ್ಸಿ ನೋಡಿ. ಮೂರೂ ಸರಿಯಿದ್ದು ಮತ್ತೆ ಹಾಗೇ ಕಂಡರೆ, ತಲೆ ಹಗುರಾದಂತೆ ಅನ್ನಿಸಿದರೆ ಡಾಕ್ಟರಿಗೆ ತೋರಿಸಿ.

ನನಗೆ 45. ನಮ್ಮ ವಯಸ್ಸಿನವರ ಹಾರ್ಟ್ ಸುದ್ದಿ ಕೇಳಿದ್ರೆ ಭಯ ಆಗುತ್ತೆ. ಇಂಟರ್ವಲ್ ಮಾಡಬಹುದಾ?

2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ನಮ್ಮನ್ನಗಲಿದಾಗ ಕರ್ನಾಟಕದ ನಡುವಯಸ್ಸಿನವರೆಲ್ಲ ಒಮ್ಮೆ ಎದೆ ಮುಟ್ಟಿ ನೋಡಿಕೊಂಡರು. ಆ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದರು. ಆ ಭಯ ಸಹಜ. ಅದನ್ನು ಒಳಗೇ ಇಟ್ಟುಕೊಂಡು ತುಳಿಯುವುದಕ್ಕಿಂತ ತಪಾಸಣೆ ಮಾಡಿಸಿಕೊಳ್ಳುವುದು ಲೇಸು.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟರಾಲ್, ಬೀಡಿ-ಸಿಗರೇಟು ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೆ ಹೃದಯದ ಕಾಯಿಲೆ ಬಂದವರಿದ್ದರೆ ಅಂಥವರು ಮೊದಲು ಡಾಕ್ಟರನ್ನು ಕಾಣಿ. ಇಸಿಜಿ, ಟಿಎಂಟಿ (ಟ್ರೆಡ್‌ಮಿಲ್ ಮೇಲಿನ ಪರೀಕ್ಷೆ), ಎಕೋ ಯಾವುದು ಬೇಕೆಂದು ಅವರು ತೀರ್ಮಾನಿಸಲಿ. ಟಿಎಂಟಿ ಸರಿಯಿದೆ ಎಂದ ಮಾತ್ರಕ್ಕೆ ಜೀವಮಾನದ ಗ್ಯಾರಂಟಿ ಸಿಕ್ಕಂತಲ್ಲ ಎಂಬುದೂ ನೆನಪಿರಲಿ. ತುಳಿಯುವಾಗ ಎದೆ ಬಿಗಿದರೆ, ನೋವು ಎಡಗೈಗೋ ದವಡೆಗೋ ಹರಡಿದರೆ, ತಲೆ ಸುತ್ತಿದರೆ, ಬಡಿತ ತಾಳ ತಪ್ಪಿದಂತೆ ಅನ್ನಿಸಿದರೆ ಆ ಕ್ಷಣವೇ ಇಳಿದು ಆಸ್ಪತ್ರೆಗೆ ಹೊರಡಿ. ಗ್ಯಾಸ್ಟ್ರಿಕ್ ಇರಬಹುದು ಅಂದುಕೊಂಡು ಮನೆಗೆ ಹೋಗಿ ಮಲಗಬೇಡಿ.

ತಪಾಸಣೆ ಆದ ಮೇಲೂ ಮೊದಲ ಎರಡು ಮೂರು ತಿಂಗಳು ಹಗುರ ಸವಾರಿಯನ್ನೇ ಮಾಡಿ. ವಾರಕ್ಕೆ ನಾಲ್ಕೈದು ಗಂಟೆ ನಿರಾಯಾಸವಾಗಿ ತುಳಿಯಲು ಬಂದ ಮೇಲೆ ಇಂಟರ್ವಲ್.

220ರಲ್ಲಿ ವಯಸ್ಸು ಕಳೆದ್ರೆ ನಂದು 178. ಅದೇನಾ ನನ್ನ ಗರಿಷ್ಠ?

ನಿಮ್ಮ ವಯಸ್ಸಿನ ಸಾವಿರ ಜನರ ಸರಾಸರಿಗೆ ಅದು ಹತ್ತಿರ ಬರಬಹುದು. ನಿಮ್ಮದು ಅಷ್ಟೇ ಎಂದು ಹೇಳಲಾಗದು. 1970ರ ದಶಕದ ಆರಂಭದಲ್ಲಿ ಬಳಕೆಗೆ ಬಂದ ಒರಟು ಲೆಕ್ಕ ಅದು. 2001ರಲ್ಲಿ ತನಾಕಾ ಮತ್ತು ಸಂಗಡಿಗರು ಇನ್ನೊಂದು ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯುವುದು. 42 ವರ್ಷದವರಿಗೆ ಎರಡೂ ಹೆಚ್ಚುಕಡಿಮೆ ಒಂದೇ, ಆದರೆ 60ರವರಿಗೆ ಹಳೆಯದು 160 ಅಂದರೆ ಹೊಸದು 166 ಅನ್ನುತ್ತದೆ. ಯಾವ ಸೂತ್ರ ಹಿಡಿದರೂ ಮನುಷ್ಯರಿಂದ ಮನುಷ್ಯರಿಗೆ ಹತ್ತು ಹನ್ನೆರಡು ಬಡಿತದ ವ್ಯತ್ಯಾಸ ತೀರಾ ಸಾಮಾನ್ಯ. ನಿಮ್ಮದು 166 ಇರಬಹುದು, 190 ಇರಬಹುದು.

ಗರಿಷ್ಠ ಬಡಿತ ಹೆಚ್ಚಿರುವುದು ಶಕ್ತಿಯ ಲಕ್ಷಣವೂ ಅಲ್ಲ. ಗೆಳೆಯನ ಪರದೆಯಲ್ಲಿ 188, ನಿಮ್ಮದರಲ್ಲಿ 170 ಇದೆ ಎಂದು ಕೊರಗಬೇಡಿ.

ಹಂಗಾದ್ರೆ ನನ್ನ ನಂಬರ್ ಹುಡುಕೋದು ಹೇಗೆ?

ಗರಿಷ್ಠದ ಹಿಂದೆ ಬೀಳುವುದಕ್ಕಿಂತ ಥ್ರೆಶೋಲ್ಡ್ ಬಡಿತ ಹುಡುಕಿ. ಬಹಳ ಹೊತ್ತು ತಡೆದುಕೊಳ್ಳಬಲ್ಲ ಗರಿಷ್ಠ ಶ್ರಮದಲ್ಲಿ ಹೃದಯ ಎಷ್ಟು ಬಡಿಯುತ್ತದೋ ಅದು. ಅಮೆರಿಕದ ಕೋಚ್ ಜೋ ಫ್ರೀಲ್ ಬಳಕೆಗೆ ತಂದ ಪರೀಕ್ಷೆ ಸರಳವಾಗಿದೆ. ಇಪ್ಪತ್ತು ನಿಮಿಷ ಚೆನ್ನಾಗಿ ಮೈ ಬಿಸಿ ಮಾಡಿ. ಆಮೇಲೆ ಒಬ್ಬರೇ 30 ನಿಮಿಷ, ಕೊನೆಯ ತನಕ ಒಂದೇ ಸಮನೆ ಎಳೆಯಬಲ್ಲಷ್ಟು ಜೋರಾಗಿ ತುಳಿಯಿರಿ. ಹತ್ತು ನಿಮಿಷ ಆದಾಗ ಲ್ಯಾಪ್ ಬಟನ್ ಒತ್ತಿ. ಕೊನೆಯ 20 ನಿಮಿಷದ ಸರಾಸರಿ ಬಡಿತವೇ ನಿಮ್ಮ ಥ್ರೆಶೋಲ್ಡ್.

ಸಿಗ್ನಲ್ ಇಲ್ಲದ, ಅಡ್ಡರಸ್ತೆ ಕಡಿಮೆ ಇರುವ ರಸ್ತೆ ಬೇಕು. ಬಹಳಷ್ಟು ಹವ್ಯಾಸಿಗಳಿಗೆ ನಂದಿ ಬೆಟ್ಟದ ಏರು ಅರ್ಧ ಗಂಟೆ ಮೀರುತ್ತದೆ, ಹಾಗಾಗಿ ಒಗ್ಗುತ್ತದೆ. ವಾರಾಂತ್ಯದಲ್ಲಿ ಬೇಡ, ಕಾರು-ಬೈಕುಗಳ ನಡುವೆ ಆಗದ ಕೆಲಸ. ಓಟದಲ್ಲಿ ಸಿಕ್ಕ ಅಂಕಿಯನ್ನು ಸೈಕಲ್ಲಿಗೆ ತರಬೇಡಿ, ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಕೆಲವು ಬಡಿತ ಕಡಿಮೆಯೇ ಇರುತ್ತದೆ.

ನಿಮಗೆ 160 ಸಿಕ್ಕಿತು ಎಂದುಕೊಳ್ಳಿ. ಫ್ರೀಲ್ ಮಾಡಿದ ಝೋನ್‌ಗಳ (ಬಡಿತದ ವಿಭಾಗಗಳ) ಹಂಚಿಕೆಯ ಪ್ರಕಾರ 130ಕ್ಕಿಂತ ಕೆಳಗೆ ವಿಶ್ರಾಂತಿಯ ಸವಾರಿ, 130ರಿಂದ 142 ದೂರದ ಸವಾರಿ, 150ರಿಂದ 158 ಥ್ರೆಶೋಲ್ಡಿನ ಹೊಸ್ತಿಲು, 160ರಿಂದ 163 ಹೊಸ್ತಿಲು ದಾಟಿದ್ದು, 165ರಿಂದ 170 ಉಸಿರು ಕಟ್ಟುವ ಶ್ರಮ. ಮುಂದಿನ ಉದಾಹರಣೆಗಳಿಗೆಲ್ಲ ಈ 160ರ ಸವಾರನನ್ನೇ ಇಟ್ಟುಕೊಳ್ಳುತ್ತೇನೆ.

## ಇಂಟರ್ವಲ್ ಮಾಡುವಾಗ

ಜೋರಾಗಿ ತುಳಿಯೋಕೆ ಶುರು ಮಾಡಿ ಒಂದು ನಿಮಿಷ ಆದ್ರೂ ಬಡಿತ ಏರಲ್ಲ. ಸೆನ್ಸರ್ ಕೆಟ್ಟಿದ್ಯಾ?

ಸೆನ್ಸರ್ ಸರಿಯಾಗಿದೆ. ಹೃದಯ ನಡೆದುಕೊಳ್ಳುವುದೇ ಹಾಗೆ. ಇದೊಂದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸಲೀಸು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಹಂಡೆ ಒಲೆಗೆ ಸೌದೆ ತುರುಕಿದ ಕೂಡಲೇ ನೀರು ಕುದಿಯುವುದಿಲ್ಲ, ಬೆಂಕಿ ಎಳೆದ ಕೂಡಲೇ ಆರುವುದೂ ಇಲ್ಲ. ನೀವು ಪೆಡಲ್ ಒತ್ತಿದ ಕ್ಷಣ ಸ್ನಾಯು ತನ್ನೊಳಗೇ ಇಟ್ಟುಕೊಂಡ ಶಕ್ತಿಯಿಂದ ಕೆಲಸ ಶುರು ಮಾಡುತ್ತದೆ. ಮೊದಲು ಕ್ರಿಯಾಟಿನ್ ಫಾಸ್ಫೇಟ್, ಜೊತೆಜೊತೆಗೆ ಆಮ್ಲಜನಕವಿಲ್ಲದೆ ಒಡೆಯುವ ಸಕ್ಕರೆ. ಆಮ್ಲಜನಕದ ಬೇಡಿಕೆ ಹೃದಯಕ್ಕೆ ಮುಟ್ಟಿ, ನರಗಳ ಕಡಿವಾಣ ಸಡಿಲವಾಗಿ, ಅಡ್ರಿನಲಿನ್ ಏರಿ ಬಡಿತ ಆ ಶ್ರಮಕ್ಕೆ ತಕ್ಕ ಮಟ್ಟ ತಲುಪಲು ಎರಡು ಮೂರು ನಿಮಿಷ ಬೇಕು. ನಿಲ್ಲಿಸಿದ ಮೇಲೂ ಕೆಲವು ಕ್ಷಣ ಏರಿದಲ್ಲೇ ಇರುತ್ತದೆ. 30 ಸೆಕೆಂಡಿನ ಸ್ಪ್ರಿಂಟ್ ಮಾಡಿ ನೋಡಿ, ಅತಿ ಹೆಚ್ಚಿನ ಅಂಕಿ ಎಷ್ಟೋ ಸಲ ನೀವು ತುಳಿಯುವುದನ್ನು ಬಿಟ್ಟ ಮೇಲೆ ಕಾಣುತ್ತದೆ.

ಇದು ಗೊತ್ತಿಲ್ಲದವರು ಏನು ಮಾಡುತ್ತಾರೆ? ಗುರಿ 160, ಪರದೆಯಲ್ಲಿ ಇನ್ನೂ 138. ಇನ್ನಷ್ಟು ಒತ್ತುತ್ತಾರೆ. ಒಂದೂವರೆ ನಿಮಿಷಕ್ಕೆ 160 ಬರುತ್ತದೆ, ಆದರೆ ಕಾಲಿನಲ್ಲಿ ಬೆಂಕಿ, ಎದೆಯಲ್ಲಿ ಉಸಿರಿಲ್ಲ. ಮೂರನೆಯ ನಿಮಿಷಕ್ಕೆ 170. ಅಲ್ಲಿಂದ ಕೊನೆಯ ತನಕ ಶ್ರಮ ಇಳಿಯುತ್ತಾ ಹೋದರೂ ಬಡಿತ ಮಾತ್ರ ಮೇಲೇ ನಿಂತಿರುತ್ತದೆ. ಮನೆಗೆ ಬಂದು ಗ್ರಾಫ್ ನೋಡಿದರೆ ಅದ್ಭುತ ಇಂಟರ್ವಲ್ ಅನ್ನಿಸುತ್ತದೆ, ಮಾಡಿದ್ದು ಮಾತ್ರ ಒಂದೂವರೆ ನಿಮಿಷದ ಸ್ಪ್ರಿಂಟು ಮತ್ತು ಉಳಿದ ಹೊತ್ತಿನ ನರಳಾಟ.

ಹಾಗಾಗಿ ಮೊದಲ ಎರಡು ನಿಮಿಷ ಪರದೆ ನೋಡಲೇಬೇಡಿ. ಗೇರು, ಕೇಡೆನ್ಸು (ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ತಿರುಗುತ್ತದೆ ಎಂಬುದು), ಉಸಿರು ಇವನ್ನೇ ಹಿಡಿದುಕೊಂಡು, ಇದೇ ಜೋರಿನಲ್ಲಿ ಪೂರ್ತಿ ಮುಗಿಸಬಲ್ಲೆ ಅನ್ನಿಸುವಂತೆ ತುಳಿಯಿರಿ. ಬಡಿತ ತಾನಾಗಿ ಬಂದು ಸೇರಿಕೊಳ್ಳಲಿ. ಮೂರನೆಯ ನಿಮಿಷದಲ್ಲಿ ನೋಡಿ, ಸ್ವಲ್ಪ ಹೆಚ್ಚು ಕಡಿಮೆ ಇದ್ದರೆ ಆಗ ತಿದ್ದಿ.

ಎಷ್ಟು ಉದ್ದದ ಇಂಟರ್ವಲ್‌ಗೆ ಬಡಿತ ನಂಬಬಹುದು?

ಎರಡು ನಿಮಿಷಕ್ಕಿಂತ ಚಿಕ್ಕದಕ್ಕೆ ಬೇಡವೇ ಬೇಡ. ಜಪಾನಿನ ಇಜುಮಿ ತಬಾಟಾ 1996ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಪ್ರಸಿದ್ಧವಾದ 20 ಸೆಕೆಂಡ್ ಶ್ರಮ, 10 ಸೆಕೆಂಡ್ ಬಿಡುವಿನ ಕ್ರಮದಲ್ಲಿ ಬಡಿತ ನೋಡಿ ಜೋರು ಹೊಂದಿಸಲು ಹೊರಟರೆ ಸೆಷನ್ನೇ ಮುಗಿದಿರುತ್ತದೆ. ಮೂರರಿಂದ ಐದು ನಿಮಿಷದವಕ್ಕೆ ಕೊನೆಯ ಅರ್ಧ ಮಾತ್ರ ನಂಬಿ. ಎಂಟರಿಂದ ಇಪ್ಪತ್ತು ನಿಮಿಷದವಕ್ಕೆ ಬಡಿತದಂಥ ಒಳ್ಳೆಯ ಜೊತೆಗಾರ ಇನ್ನೊಬ್ಬನಿಲ್ಲ.

ನಾರ್ವೆಯ ಟ್ರೋಂಡ್‌ಹೈಮ್‌ನ ಸಂಶೋಧಕರು 2007ರಲ್ಲಿ ಪ್ರಕಟಿಸಿದ 4×4 ಕ್ರಮ ಈಗ ಎಲ್ಲೆಡೆ ಹರಡಿದೆ: ಗರಿಷ್ಠದ 90ರಿಂದ 95 ಪ್ರತಿಶತದಲ್ಲಿ ನಾಲ್ಕು ನಿಮಿಷ, 70 ಪ್ರತಿಶತದಲ್ಲಿ ಮೂರು ನಿಮಿಷ ಬಿಡುವು, ನಾಲ್ಕು ಸಲ. ಅದನ್ನು ಓದಿದವರು ಮೊದಲ ಸೆಕೆಂಡಿನಿಂದಲೇ 90 ಪ್ರತಿಶತ ಇರಬೇಕೆಂದು ತಿಳಿಯುತ್ತಾರೆ. ಹಾಗೆ ಯಾರ ಹೃದಯವೂ ಏರುವುದಿಲ್ಲ. ಎರಡನೆಯ ನಿಮಿಷದ ಹೊತ್ತಿಗೆ ತಲುಪಿದರೆ ಚೆನ್ನಾಗಿಯೇ ಮಾಡುತ್ತಿದ್ದೀರಿ.

ಕೆಲಸಕ್ಕೆ ಹೋಗೋ ನನ್ನಂಥವನಿಗೆ ಒಂದೇ ಒಂದು ಸೆಷನ್ ಹೇಳಿ.

ಎಂಟು ನಿಮಿಷದ ನಾಲ್ಕು ಇಂಟರ್ವಲ್. ಕಾರಣ ಇದೆ. ನಾರ್ವೆಯಲ್ಲಿ ನೆಲೆಸಿರುವ ಸ್ಟೀಫನ್ ಸೈಲರ್ ಮತ್ತು ಸಂಗಡಿಗರು ಹವ್ಯಾಸಿ ಸೈಕ್ಲಿಸ್ಟ್‌ಗಳಿಗೆ ಏಳು ವಾರ 4×4, 4×8, 4×16 ನಿಮಿಷಗಳ ಇಂಟರ್ವಲ್ ಕೊಟ್ಟು ಹೋಲಿಸಿದರು. ನಾಲ್ಕು ನಿಮಿಷದವರ ಬಡಿತ ಗರಿಷ್ಠದ ಸುಮಾರು 94 ಪ್ರತಿಶತ ಮುಟ್ಟಿತ್ತು, ಎಂಟು ನಿಮಿಷದವರದು ಸುಮಾರು 90. ಹೆಚ್ಚು ಲಾಭ ಕಂಡದ್ದು ಎಂಟು ನಿಮಿಷದವರೇ. ಸ್ವಲ್ಪ ತಗ್ಗಿದ ಶ್ರಮವನ್ನು ಹೆಚ್ಚು ಹೊತ್ತು ಹಿಡಿದಿಟ್ಟರು, ಫಲ ಅಲ್ಲಿತ್ತು.

ನಮ್ಮ 160ರ ಸವಾರನಿಗೆ ಅದು ಹೀಗೆ ಕಾಣುತ್ತದೆ. ಇಪ್ಪತ್ತು ನಿಮಿಷ ವಾರ್ಮಪ್. ಮೊದಲ ಇಂಟರ್ವಲ್‌ನ ಮೂರನೆಯ ನಿಮಿಷಕ್ಕೆ 150, ಕೊನೆಗೆ 156-158. ಇಷ್ಟು ಸುಲಭವಾ ಅನ್ನಿಸಬೇಕು. ಮೂರು ನಿಮಿಷ ಹಗುರ. ಎರಡನೆಯದು 160ಕ್ಕೆ ಮುಗಿಯಲಿ, ಮೂರನೆಯದು 161-162ಕ್ಕೆ. ನಾಲ್ಕನೆಯದರ ಕೊನೆಗೆ 164 ಕಂಡರೂ ಸರಿಯೇ. ಪ್ರತಿ ಇಂಟರ್ವಲ್‌ನ ಕೊನೆಯ ಅಂಕಿ ಒಂದೆರಡು ಬಡಿತ ಮೇಲೇರುತ್ತಾ, ಕ್ರಮಿಸಿದ ದೂರ ಹಾಗೇ ಉಳಿದರೆ ಸೆಷನ್ ಗೆದ್ದಿರಿ. ಮೊದಲನೆಯದರಲ್ಲೇ 165 ತಲುಪಿ ನಾಲ್ಕನೆಯದರಲ್ಲಿ ಕಾಲು ಬಿಟ್ಟರೆ ಮುಂದಿನ ವಾರ ಮೊದಲನೆಯದನ್ನು ಇಳಿಸಿ.

ಕೇಡೆನ್ಸ್ ಎಲ್ಲದರಲ್ಲೂ ಒಂದೇ ಇರಲಿ. ಅದೇ ಶ್ರಮಕ್ಕೆ ಕಾಲು ವೇಗವಾಗಿ ತಿರುಗಿಸಿದರೆ ಬಡಿತ ಏರುತ್ತದೆ, ಸೀಟಿನಿಂದ ಎದ್ದು ತುಳಿದರೂ ಏರುತ್ತದೆ. ಹೋಲಿಕೆ ಕೆಟ್ಟುಹೋಗುತ್ತದೆ.

ಬಿಡುವಿನಲ್ಲಿ ಬಡಿತ ಎಷ್ಟಕ್ಕೆ ಇಳಿದ ಮೇಲೆ ಮುಂದಿನದು ಶುರು ಮಾಡ್ಬೇಕು?

ಬಿಡುವಿಗೆ ಗಡಿಯಾರ ಇರಲಿ, ಬಡಿತ ಸಾಕ್ಷಿಯಾಗಿರಲಿ. ಮೊದಲ ಬಿಡುವಿನಲ್ಲಿ 158ರಿಂದ 120ಕ್ಕೆ ಇಳಿದದ್ದು ಮೂರನೆಯ ಬಿಡುವಿನಲ್ಲಿ 128ಕ್ಕೇ ನಿಂತರೆ ಸಹಜ. ಆದರೆ ಮೂರು ನಿಮಿಷ ಹಗುರಾಗಿ ತುಳಿದರೂ 145ರಿಂದ ಕೆಳಗೆ ಬರುತ್ತಿಲ್ಲ ಎಂದರೆ ಆ ದಿನದ ಇಂಟರ್ವಲ್ ಮುಗಿಯಿತು ಎಂದೇ ತಿಳಿಯಿರಿ. ಬಿಡುವಿನಲ್ಲಿ ಸೈಕಲ್ ನಿಲ್ಲಿಸಿ ಕೂರಬೇಡಿ. ಕಾಲು ಆಡುತ್ತಿದ್ದರೆ ರಕ್ತ ಮೇಲಕ್ಕೆ ಹರಿಯುತ್ತದೆ, ತಲೆ ಸುತ್ತುವುದಿಲ್ಲ.

ಪರದೆ ಒಂದು ಹೇಳುತ್ತೆ, ಉಸಿರು ಇನ್ನೊಂದು ಹೇಳುತ್ತೆ. ಯಾವುದನ್ನ ನಂಬಲಿ?

ಆ ಹೊತ್ತಿಗೆ ಉಸಿರನ್ನು ನಂಬಿ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಶ್ರಮವನ್ನು ಮನಸ್ಸಿನಲ್ಲೇ ಅಳೆಯಲು 6ರಿಂದ 20ರ ಅಳತೆ ರೂಪಿಸಿದರು. ಆ ವಿಚಿತ್ರ ಅಂಕಿಗಳ ಹಿಂದಿನ ಲೆಕ್ಕ ಏನೆಂದರೆ, ಹತ್ತರಿಂದ ಗುಣಿಸಿದರೆ ಆರೋಗ್ಯವಂತ ಯುವಕನ ಬಡಿತಕ್ಕೆ ಹತ್ತಿರ ಬರಬೇಕು. ಮನುಷ್ಯನ ಅಂದಾಜು ಅಷ್ಟು ಒಳ್ಳೆಯದು ಎಂದು ಅವರಿಗೆ ವಿಶ್ವಾಸವಿತ್ತು. ನನಗೂ ಇದೆ.

ಹೀಗೆ ನೋಡಿ: ಪೂರ್ತಿ ವಾಕ್ಯ ಆಡಲು ಬಂದರೆ ಹಗುರ. ಮೂರು ನಾಲ್ಕು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ಥ್ರೆಶೋಲ್ಡ್. ಹೂಂ, ಊಹೂಂ ಬಿಟ್ಟು ಬೇರೆ ಏನೂ ಬರದಿದ್ದರೆ ಅದಕ್ಕೂ ಮೇಲೆ. ಉಸಿರು ಮತ್ತು ಬಡಿತ ಒಂದೇ ಮಾತು ಹೇಳುವ ದಿನ ನೆಮ್ಮದಿಯಾಗಿ ತುಳಿಯಿರಿ. ಬೇರೆ ಬೇರೆ ಹೇಳುವ ದಿನ ಏನೋ ನಡೆದಿದೆ ಎಂದರ್ಥ. ಅದೇನೆಂದು ಮುಂದಿನ ಭಾಗದಲ್ಲಿದೆ.

ವಾರಕ್ಕೆ ಎಷ್ಟು ದಿನ ಮಾಡಬಹುದು?

ಎರಡು, ನಡುವೆ ಕನಿಷ್ಠ ಒಂದು ದಿನ ಅಂತರ. ಉಳಿದ ದಿನ ನಿಜವಾಗಿಯೂ ಹಗುರ. ನನ್ನ ಪ್ರಕಾರ ಬಡಿತಮಾಪಕದ ದೊಡ್ಡ ಉಪಕಾರ ಈ ಹಗುರ ದಿನಗಳಲ್ಲೇ. ಗುಂಪಿನಲ್ಲಿ ಯಾರೋ ಮುಂದೆ ಹೋದರೆಂದು ಬೆನ್ನು ಹತ್ತುವ ಆಸೆ ಬಂದಾಗ 142ರ ಗೆರೆ ನಿಮ್ಮನ್ನು ಹಿಡಿದು ನಿಲ್ಲಿಸಲಿ.

## ಲೆಕ್ಕ ತಪ್ಪುವ ದಿನಗಳು

ನಮ್ಮ ಕಲಬುರಗಿ ಬಿಸಿಲಾಗ ಹಗೂರ ತುಳಿದ್ರೂ ಬಡಿತ ಏರ್ತದ್ರೀ. ಏನ್ ಮಾಡ್ಲಿ?

ಬಿಸಿಲಿಗೆ ಹೃದಯಕ್ಕೆ ಎರಡು ಕೆಲಸ. ಕಾಲಿಗೂ ರಕ್ತ ಕೊಡಬೇಕು, ಮೈ ತಣ್ಣಗಾಗಲು ಚರ್ಮಕ್ಕೂ ಕಳಿಸಬೇಕು. ಬೆವರು ಹರಿದಂತೆ ರಕ್ತದ ನೀರಿನಂಶ ಇಳಿಯುತ್ತದೆ, ಒಂದೊಂದು ಬಡಿತಕ್ಕೆ ಹೊರಹೋಗುವ ರಕ್ತ ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಲು ಹೃದಯ ಹೆಚ್ಚು ಸಲ ಬಡಿಯುತ್ತದೆ. ಅದೇ ಗೇರು, ಅದೇ ಶ್ರಮ, ಗಂಟೆ ಕಳೆಯುವಷ್ಟರಲ್ಲಿ ಹತ್ತು ಹದಿನೈದು ಬಡಿತ ಹೆಚ್ಚು. ಮಂಗಳೂರು, ಉಡುಪಿಯಲ್ಲಿ ಬಿಸಿಲು ಕಡಿಮೆ ಇದ್ದರೂ ಗಾಳಿಯ ತೇವಕ್ಕೆ ಬೆವರು ಆರುವುದಿಲ್ಲ, ಅಲ್ಲಿಯೂ ಇದೇ ಕಥೆ. ಮನೆಯೊಳಗೆ ಫ್ಯಾನಿಲ್ಲದೆ ಟ್ರೈನರ್ ಮೇಲೆ ತುಳಿಯುವವರಿಗಂತೂ ಬೆಂಗಳೂರಿನ ಡಿಸೆಂಬರೂ ಬೇಸಿಗೆಯೇ.

ಏಪ್ರಿಲ್, ಮೇನಲ್ಲಿ ಬೆಳಗಿನ ಐದೂವರೆಗೇ ಇಂಟರ್ವಲ್ ಶುರು ಮಾಡಿ. ಉಪ್ಪು ಹಾಕಿದ ನಿಂಬೆಹಣ್ಣಿನ ಶರಬತ್ತೋ ಮಜ್ಜಿಗೆಯೋ ಜೊತೆಗಿರಲಿ. ಮೊದಲ ಎರಡು ಇಂಟರ್ವಲ್‌ಗೆ ಬಡಿತ ಮತ್ತು ಉಸಿರು ಎರಡನ್ನೂ ನೋಡಿ, ಆಮೇಲಿನವಕ್ಕೆ ಜೋರನ್ನು ಉಸಿರು ನೋಡಿ ಹೊಂದಿಸಿ, ಬಡಿತದ ಮೇಲೆ ಒಂದು ಕಣ್ಣಿರಲಿ. ಬಡಿತ ತಗ್ಗಿಸಬೇಕೆಂದು ಜೋರು ಇಳಿಸಿದರೆ ಕಾಲಿಗೆ ಕೆಲಸ ಸಿಗದು. ಬಡಿತದ ಕಡೆ ಪೂರ್ತಿ ಕಣ್ಣು ಮುಚ್ಚಿದರೆ ಮೈ ಕಾದು ಕುಸಿಯುವ ಅಪಾಯ. ಥ್ರೆಶೋಲ್ಡಿಗಿಂತ ಹತ್ತು ಬಡಿತ ಮೇಲೆ ಹೋಗಿ ಅಲ್ಲೇ ನಿಂತರೆ ನೆರಳು ಹುಡುಕಿ ಇಳಿಯಿರಿ. ಬೆವರು ನಿಂತು ಚಳಿ ಅನ್ನಿಸಿದರೆ, ತಲೆ ಮಂಕಾದರೆ ತಡಮಾಡದೆ ಮೈಗೆ ನೀರು ಸುರಿದುಕೊಳ್ಳಿ, ಒಬ್ಬರೇ ಇರಬೇಡಿ, ಆಸ್ಪತ್ರೆಗೆ ಹೋಗಿ.

ಏನು ಮಾಡಿದ್ರೂ ಇವತ್ತು 150 ದಾಟ್ತಿಲ್ಲ, ಕಾಲು ಮಾತ್ರ ಕಲ್ಲಾಗಿದೆ. ಫಿಟ್ ಆಗಿದ್ದೀನಾ?

ಇಲ್ಲ, ದಣಿದಿದ್ದೀರಿ. ಕಾಲು ಹಗುರವಾಗಿದ್ದು ಬಡಿತ ಕಡಿಮೆ ಇದ್ದರೆ ಅದು ಫಿಟ್‌ನೆಸ್. ಕಾಲು ಭಾರವಾಗಿ, ಉಸಿರು ಕಷ್ಟವಾಗಿ, ಬಡಿತ ಮಾತ್ರ ಏರದೆ ಕೂತರೆ ಹಲವು ದಿನಗಳ ದಣಿವು ಒಟ್ಟಾಗಿದೆ. ಸರಿಯಾಗಿ ಊಟ ಮಾಡದೆ ಬಂದಾಗಲೂ ಹೀಗಾಗುತ್ತದೆ. ಎರಡನೆಯ ಇಂಟರ್ವಲ್‌ನಲ್ಲೂ ಹಾಗೇ ಇದ್ದರೆ ಮನೆಗೆ ತಿರುಗಿ, ಎರಡು ದಿನ ನಿದ್ದೆ ಮಾಡಿ.

ಇದರ ಉಲ್ಟಾ, ಹಗುರ ತುಳಿತಕ್ಕೇ ಬಡಿತ ಏರಿದರೆ ನಿದ್ದೆಗೇಡು, ನೀರಿನ ಕೊರತೆ, ಎರಡು ಲೋಟ ಸ್ಟ್ರಾಂಗ್ ಕಾಫಿ ಅಥವಾ ಒಳಗೇ ಬರುತ್ತಿರುವ ಜ್ವರ ಕಾರಣವಾಗಿರಬಹುದು. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸುವ ಅಭ್ಯಾಸವಿದ್ದರೆ ಇದು ರಸ್ತೆಗಿಳಿಯುವ ಮೊದಲೇ ಗೊತ್ತಾಗುತ್ತದೆ. ಮಳೆಗಾಲದ ಡೆಂಗ್ಯೂ, ವೈರಲ್ ಜ್ವರಗಳ ವಿಷಯದಲ್ಲಿ ನನ್ನದು ಖಡಾಖಂಡಿತ ಮಾತು: ಜ್ವರವಿದ್ದಾಗ ಇಂಟರ್ವಲ್ ಬೇಡ, ಬಿಟ್ಟ ಮೇಲೂ ಬೆಳಗಿನ ನಾಡಿ ಎಂದಿನ ಮಟ್ಟಕ್ಕೆ ಬರುವ ತನಕ ಬೇಡ. ವೈರಸ್ ಹೃದಯದ ಸ್ನಾಯುವಿಗೂ ತಗಲಬಹುದು, ಆಗ ಜೋರು ತುಳಿತ ಪ್ರಾಣಕ್ಕೇ ಕುತ್ತು.

ಬಿಪಿ ಮಾತ್ರೆ ತಗೋತೀನಿ. ನನ್ನ ಬಡಿತ 130 ದಾಟೋದೇ ಇಲ್ಲ.

ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆಗಳ ಕೆಲಸವೇ ಬಡಿತ ತಗ್ಗಿಸುವುದು. ಸೂತ್ರಗಳು, ಇಲ್ಲಿ ಹೇಳಿದ ಅಂಕಿಗಳು ಯಾವುವೂ ನಿಮಗೆ ಹೊಂದುವುದಿಲ್ಲ. ಮಾತಿನ ಪರೀಕ್ಷೆಯೇ ನಿಮ್ಮ ಮೀಟರು. ಎಷ್ಟರ ಮಟ್ಟಿಗೆ ಶ್ರಮಪಡಬಹುದೆಂದು ನಿಮ್ಮ ಡಾಕ್ಟರೇ ಹೇಳಬೇಕು. ಇಂಟರ್ವಲ್ ಇದೆ ಎಂದು ಬೆಳಗಿನ ಮಾತ್ರೆ ಬಿಡುವುದು ಮಾತ್ರ ಎಂದಿಗೂ ಬೇಡ.

ಹೆಂಗಸರಿಗೆ ಬೇರೆ ಲೆಕ್ಕ ಇದೆಯಾ ಮೇಡಂ ಅಂತ ನಮ್ಮ ಗುಂಪಲ್ಲಿ ಕೇಳ್ತಾರೆ. ಏನ್ ಹೇಳ್ಲಿ?

ಥ್ರೆಶೋಲ್ಡ್ ಪರೀಕ್ಷೆ ಮಾಡಿದವರಿಗೆ ಬೇರೆ ಲೆಕ್ಕ ಬೇಡ, ಸಿಕ್ಕ ಅಂಕಿ ಅವರದೇ. ತಿಂಗಳ ಚಕ್ರದ ಎರಡನೆಯ ಅರ್ಧದಲ್ಲಿ ಮೈಯ ಬಿಸಿ ತುಸು ಹೆಚ್ಚಿರುತ್ತದೆ, ಬಡಿತವೂ ಕೆಲವು ಅಂಕಿ ಮೇಲಿರಬಹುದು. ಆ ದಿನಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಂಡರೆ ಎರಡು ಮೂರು ತಿಂಗಳಲ್ಲಿ ನಿಮ್ಮದೇ ಲೆಕ್ಕ ಸಿಗುತ್ತದೆ. ಗರ್ಭಿಣಿಯರು ಡಾಕ್ಟರ ಮಾತು ಕೇಳಿಯೇ ಮುಂದುವರಿಯಿರಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಬಡಿತ ನೋಡಿ ಫಿಟ್‌ನೆಸ್ ಏರಿದೆಯಾ ಅಂತ ಹೇಳಬಹುದಾ?

ಒಂದೇ ರಸ್ತೆ, ಒಂದೇ ಹೊತ್ತು, ಒಂದೇ ಬಡಿತ ಇಟ್ಟುಕೊಂಡರೆ ಹೇಳಬಹುದು. ಮೈಸೂರಿನವರು ಚಾಮುಂಡಿ ಬೆಟ್ಟವನ್ನು ತಿಂಗಳಿಗೊಮ್ಮೆ ಮುಂಜಾನೆ 150 ದಾಟದಂತೆ ಏರಿ ಸಮಯ ಬರೆದಿಡಲಿ. ಅದೇ 150ಕ್ಕೆ ಸಮಯ ಇಳಿಯುತ್ತಿದ್ದರೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಡ. ಏರು ಒಳ್ಳೆಯದು, ಏಕೆಂದರೆ ಅಲ್ಲಿ ಗಾಳಿಯ ಪಾತ್ರ ಕಡಿಮೆ.

ಪವರ್ ಮೀಟರ್ ಇದ್ದವರು ಒಂದೂವರೆ ಗಂಟೆಯ ಸಮತೂಕದ ಸವಾರಿಯನ್ನು ಎರಡು ಭಾಗ ಮಾಡಿ, ಎರಡರಲ್ಲೂ ಸರಾಸರಿ ಪವರನ್ನು ಸರಾಸರಿ ಬಡಿತದಿಂದ ಭಾಗಿಸಿ. ಎರಡನೆಯದು ಮೊದಲನೆಯದಕ್ಕಿಂತ 5 ಪ್ರತಿಶತಕ್ಕೂ ಹೆಚ್ಚು ಕುಸಿದರೆ ತಳಪಾಯ ಇನ್ನೂ ಗಟ್ಟಿಯಾಗಬೇಕು. ಬೇಸಿಗೆಯ ಫಲಿತಾಂಶವನ್ನು ಚಳಿಗಾಲದ್ದರ ಜೊತೆ ಹೋಲಿಸಬೇಡಿ.

30/15 ಇಂಟರ್ವಲ್‌ಗೆ ಬಡಿತ ನೋಡೋಕಾಗಲ್ಲ ಅಂದ್ರಿ. ಆದ್ರೆ ಗ್ರಾಫ್‌ನಲ್ಲಿ ಚೆನ್ನಾಗೇ ಏರಿದೆಯಲ್ಲ?

ಒಳ್ಳೆಯ ಗಮನ. ನಾರ್ವೆಯ ಬೆಂಟ್ ರೋನ್ನೆಸ್ಟಾಡ್ ಹೆಸರಿನೊಂದಿಗೆ ಸೇರಿಕೊಂಡಿರುವ ಈ ಕ್ರಮದಲ್ಲಿ 30 ಸೆಕೆಂಡ್ ಜೋರು, 15 ಸೆಕೆಂಡ್ ಹಗುರ, ಹೀಗೆ 13 ಸಲಕ್ಕೆ ಒಂದು ಸೆಟ್, ಒಟ್ಟು ಮೂರು ಸೆಟ್. 15 ಸೆಕೆಂಡಿನಲ್ಲಿ ಹೃದಯ ಇಳಿಯಲು ಹೊತ್ತೇ ಸಿಗುವುದಿಲ್ಲ. ಹಾಗಾಗಿ ಒಂಬತ್ತೂವರೆ ನಿಮಿಷದ ಇಡೀ ಸೆಟ್ ಅದರ ಪಾಲಿಗೆ ಒಂದೇ ಇಂಟರ್ವಲ್. ಬಿಡಿ ಬಿಡಿ 30 ಸೆಕೆಂಡುಗಳಿಗೆ ಬಡಿತ ನೋಡಬೇಡಿ, ಸೆಟ್ಟಿನ ಕೊನೆಯ ಮೂರು ನಿಮಿಷ ನೋಡಿ. ಅಲ್ಲಿ ಥ್ರೆಶೋಲ್ಡಿಗಿಂತ ಮೇಲಿದ್ದು, ಮೂರನೆಯ ಸೆಟ್ಟನ್ನೂ ಮೊದಲಿನ ಗೇರಿನಲ್ಲೇ ಮುಗಿಸಿದರೆ ಜೋರು ಸರಿಯಾಗಿತ್ತು.

ಊಟಿಗೆ, ಲೇಹ್‌ಗೆ ಹೋದಾಗ ಇದೇ ಝೋನ್ ಬಳಸಬಹುದಾ?

ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸೈಕಲ್ ಸವಾರಿಯಿಂದ ಮಸಿನಗುಡಿ ಕಡೆಯ ಕಲ್ಹಟ್ಟಿ ಘಾಟ್, ಅದರ 36 ಹೇರ್‌ಪಿನ್ ತಿರುವುಗಳು ನಮ್ಮ ಸವಾರರಿಗೆಲ್ಲ ಪರಿಚಿತ. ಮೇಲೇರಿದಂತೆ ಅದೇ ಶ್ರಮಕ್ಕೆ ಬಡಿತ ಕೆಲವು ಅಂಕಿ ಹೆಚ್ಚುತ್ತದೆ, ಅಷ್ಟೇ. ಕಲ್ಹಟ್ಟಿಯಲ್ಲಿ ಸೋಲುವವರು ಗಾಳಿ ತೆಳುವಾದದ್ದಕ್ಕೆ ಸೋಲುವುದಿಲ್ಲ, ಬುಡದಲ್ಲೇ ಥ್ರೆಶೋಲ್ಡ್ ದಾಟಿದ್ದಕ್ಕೆ ಸೋಲುತ್ತಾರೆ. ಲೇಹ್ 3,500 ಮೀಟರ್. ಅಲ್ಲಿ ಹಗುರ ಶ್ರಮಕ್ಕೂ ಬಡಿತ ಏರುತ್ತದೆ, ಆದರೆ ಗರಿಷ್ಠ ಬಡಿತ ಮಾತ್ರ ತಗ್ಗುತ್ತದೆ, ಎರಡು ಕಡೆಯಿಂದಲೂ ಝೋನ್ ಕಿರಿದಾಗುತ್ತದೆ. ಮೊದಲ ಕೆಲವು ದಿನ ಇಂಟರ್ವಲ್ ಯೋಚನೆಯೇ ಬೇಡ.

ನಮ್ಮ ಹುಡುಗ ವಿಜಯಪುರದಾಗ ಟ್ರ್ಯಾಕ್ ಸೈಕ್ಲಿಂಗ್ ಮಾಡ್ತಾನ್ರಿ. 16 ವರ್ಷ. ಬಡಿತ 205ಕ್ಕ ಹೋಗ್ತದ. ಅಂಜಬೇಕೇನ್ರಿ? ಅಂವಗ ಯಾವ ನಮೂನಿ ನೋಡ್ಬೇಕು?

ಹುಡುಗ ಆರೋಗ್ಯವಾಗಿದ್ದು, ತಲೆಸುತ್ತು, ಎದೆನೋವು ಏನೂ ಇಲ್ಲದಿದ್ದರೆ ಆ ವಯಸ್ಸಿಗೆ 205 ಅಂಜುವ ಅಂಕಿಯಲ್ಲ. ವರ್ಷಕ್ಕೊಮ್ಮೆ ಕ್ರೀಡಾ ತಪಾಸಣೆ ಮಾಡಿಸಿ, ಹೃದಯದ ಪರೀಕ್ಷೆಯೂ ಅದರಲ್ಲಿರಲಿ. ವಿಜಯಪುರ, ಬಾಗಲಕೋಟೆ ಭಾಗ ದೇಶಕ್ಕೆ ಎಷ್ಟೋ ಒಳ್ಳೆಯ ಸೈಕ್ಲಿಸ್ಟ್‌ಗಳನ್ನು ಕೊಟ್ಟ ನೆಲ. ಅಲ್ಲಿನ ಮಕ್ಕಳ ಕೈಗೆ ಸರಿಯಾದ ತಿಳಿವಳಿಕೆ ಸಿಗಬೇಕೆಂಬುದು ನನ್ನ ದೊಡ್ಡ ಆಸೆ.

ಟ್ರ್ಯಾಕಿನಲ್ಲಿ ಪಂದ್ಯದ ಉದ್ದ ನೋಡಿ ತೀರ್ಮಾನಿಸಿ. ಫ್ಲೈಯಿಂಗ್ 200 ಮೀಟರ್ ಹತ್ತು ಹನ್ನೆರಡು ಸೆಕೆಂಡಿನ ಆಟ. ಅಲ್ಲಿ ಸ್ಟಾಪ್‌ವಾಚೇ ಗುರು, ಬಡಿತಕ್ಕೆ ಕೆಲಸವಿಲ್ಲ. ಒಂದು ಕಿಲೋಮೀಟರ್ ಟೈಮ್ ಟ್ರಯಲ್‌ಗೂ ಹಾಗೇ. ಪರ್ಸೂಟ್ (ಕೆಲವು ನಿಮಿಷ ನಡೆಯುವ ಉದ್ದದ ಟ್ರ್ಯಾಕ್ ಪಂದ್ಯ) ಓಡಿಸುವವನಾದರೆ ರಸ್ತೆಯ ಮೇಲಿನ ಉದ್ದದ ಇಂಟರ್ವಲ್‌ಗಳಿಗೆ ಥ್ರೆಶೋಲ್ಡ್ ಬಡಿತ ಬೇಕು. ಸ್ಪ್ರಿಂಟ್ ದಿನವೂ ಒಂದು ಉಪಯೋಗವಿದೆ: ಒಂದು ಓಟ ಮುಗಿದು ಬಡಿತ ನೂರರ ಆಸುಪಾಸಿಗೆ ಇಳಿದು, ಅದರ ಮೇಲೂ ಹಲವು ನಿಮಿಷ ಕಳೆದ ಮೇಲೆಯೇ ಮುಂದಿನದಕ್ಕೆ ಬಿಡಿ. ಬಡಿತ ಇಳಿದರೂ ಕಾಲಿನ ಸ್ನಾಯು ಪೂರ್ತಿ ತುಂಬಿಕೊಳ್ಳಲು ಇನ್ನಷ್ಟು ಹೊತ್ತು ಬೇಕು. ಅವಸರದ ಆರು ಸ್ಪ್ರಿಂಟ್‌ಗಿಂತ ಪೂರ್ತಿ ಸುಧಾರಿಸಿಕೊಂಡು ಮಾಡಿದ ಮೂರು ಅವನನ್ನು ಹೆಚ್ಚು ವೇಗದವನನ್ನಾಗಿ ಮಾಡುತ್ತವೆ.